ಮನೆಯೊಳಗಿನ ಗಾಳಿ ಪರೀಕ್ಷೆ: ರೇಡಾನ್‌ನಿಂದ ಬೂಷ್ಟಿನವರೆಗೆ, ಯಾವುದು ಮೊದಲು ಯಾವುದು ಆಮೇಲೆ

ರೇಡಾನ್ ಅಂದರೆ ನೆಲದಿಂದ ಮನೆಯೊಳಗೆ ಬರುವ, ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ. ಅದನ್ನು ಅಳೆಯುವ ಕಿಟ್ ತಂದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಡಬ್ಬಿ ತೆರೆದು ಕಿಟಕಿ ಪಕ್ಕ ಇಡುತ್ತಾರೆ. "ಗಾಳಿ ಪರೀಕ್ಷೆ ಅಲ್ವಾ, ಗಾಳಿ ಆಡಲಿ" ಅಂತ ಕಿಟಕಿಯನ್ನೂ ತೆರೆದಿಡುತ್ತಾರೆ. ಎರಡು ದಿನ ಕಳೆದು ಡಬ್ಬಿ ಲ್ಯಾಬಿಗೆ ಹೋಗುತ್ತದೆ, ಅಂಕಿ ಚೆನ್ನಾಗಿಯೇ ಬರುತ್ತದೆ, ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ. ಆದರೆ ಆ ಅಂಕಿ ಹೊರಗಿನ ಗಾಳಿಯದ್ದು. ಇನ್ನು ಕೆಲವರು ಏಳೆಂಟು ಅಂಕಿ ತೋರಿಸುವ ಒಂದು ಮೀಟರ್ ತಂದು ಹಾಲ್‌ನಲ್ಲಿಟ್ಟು ಎಲ್ಲಾ ಮುಗೀತು ಅಂದುಕೊಳ್ಳುತ್ತಾರೆ. ಆ ಮೀಟರ್‌ಗಳಲ್ಲಿ ಬಹಳಷ್ಟಕ್ಕೆ ರೇಡಾನ್ ಅಂದರೇನು ಅಂತಲೇ ಗೊತ್ತಿರುವುದಿಲ್ಲ.

ತೊಡಕು ಇರೋದು ಇಲ್ಲಿ: ಒಂದು ಪರೀಕ್ಷೆಗೆ ಮನೆ ಹೇಗಿರಬೇಕೋ ಇನ್ನೊಂದಕ್ಕೆ ಹಾಗಿರಬಾರದು. ರೇಡಾನ್‌ಗೆ ಕಿಟಕಿ ಮುಚ್ಚಿರಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ (ಬೆಂಕಿ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ) ಒಲೆ, ಗೀಸರ್ ಉರಿಯುತ್ತಿರಬೇಕು. ದೂಳಿನ ಪರೀಕ್ಷೆಗೆ ನೀವು ದಿನಾ ಹೇಗಿರುತ್ತೀರೋ ಹಾಗೇ ಇರಬೇಕು. ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಲು ಹೋದರೆ ಯಾವುದೂ ಸರಿ ಬರಲ್ಲ. ಅದಕ್ಕೇ ಕೆಳಗಿನ ಸಾಲು ಹೀಗಿದೆ: ಬೇಗ ಕೊಲ್ಲುವುದು ಮೊದಲು, ಕಣ್ಣಿಗೆ ಕಾಣುವುದು ಆಮೇಲೆ, ವರ್ಷಗಟ್ಟಲೆ ತಗೊಂಡು ಕೊಲ್ಲುವುದು ಅದರ ನಂತರ, ಉಳಿದದ್ದು ಕೊನೆಗೆ.

## ಕೈಗೆ ಬೇಕಾದ ಸಾಮಾನು

ಕಾರ್ಬನ್ ಮೊನಾಕ್ಸೈಡ್ ಅಲಾರಂ, ಜೊತೆಗೆ ಸಾಧ್ಯವಾದರೆ ಕಡಿಮೆ ಮಟ್ಟವನ್ನೂ ತೋರಿಸುವ ಮೀಟರ್. ತೇವಾಂಶ ಅಳೆಯುವ ಹೈಗ್ರೋಮೀಟರ್. ರೇಡಾನ್ ಕಿಟ್ ಎರಡು (ಒಂದಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ). ಪಿಎಂ 2.5, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು, ತೋರಿಸುವ ಮೀಟರ್. ಟಾರ್ಚ್, ಅಳತೆ ಟೇಪು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಗಲದ ಅಂಟು ಟೇಪು, ಸೋಪಿನ ನೀರು, ಒಂದು ನೋಟ್‌ಬುಕ್.

ನೋಟ್‌ಬುಕ್ಕನ್ನು ಹಗುರವಾಗಿ ನೋಡಬೇಡಿ. ಯಾವ ಡಬ್ಬಿ ಎಲ್ಲಿತ್ತು, ಯಾವ ಗಂಟೆಗೆ ತೆರೆದಿರಿ, ಯಾವ ಗಂಟೆಗೆ ಮುಚ್ಚಿದಿರಿ ಅನ್ನುವುದು ಬರೆದಿಲ್ಲದಿದ್ದರೆ ಆಮೇಲೆ ಬಂದ ಅಂಕಿಗೆ ಅರ್ಥವೇ ಇರಲ್ಲ.

## ಹಂತ 1: ಮೀಟರ್ ಮುಟ್ಟುವ ಮೊದಲು ಒಂದು ಸುತ್ತು ಹಾಕಿ

ಟಾರ್ಚ್ ಹಿಡಿದು ನೆಲಮಾಳಿಗೆಯಿಂದ ಶುರು ಮಾಡಿ. ನೆಲದಲ್ಲಿ, ಗೋಡೆ ನೆಲ ಸೇರುವಲ್ಲಿ ಬಿರುಕು ಇದೆಯಾ? ಪೈಪು ನೆಲದೊಳಗೆ ಇಳಿಯುವ ಜಾಗದಲ್ಲಿ ಸುತ್ತ ಸಂದು ಇದೆಯಾ? ಮಣ್ಣಿನ ನೆಲ ಎಲ್ಲಾದರೂ ಬಿಟ್ಟಿದೆಯಾ? ರೇಡಾನ್ ಒಳಗೆ ಬರುವ ದಾರಿಗಳು ಇವೇ. ಬೆಂಕಿ ಉರಿಯುವ ಪ್ರತಿ ಸಾಧನವನ್ನೂ ಪಟ್ಟಿ ಮಾಡಿ: ಒಲೆ, ಗ್ಯಾಸ್ ಗೀಸರ್, ಹೀಟರ್, ಬಾಯ್ಲರ್, ಮನೆಗೆ ಅಂಟಿಕೊಂಡ ಗ್ಯಾರೇಜಿನ ಕಾರು, ಜನರೇಟರ್. ಆಮೇಲೆ ನೀರಿನ ಕಲೆ, ಉಬ್ಬಿದ ಬಣ್ಣ, ಬೀರುವಿನ ಹಿಂದಿನ ಮುಗ್ಗುವಾಸನೆ.

ಹಳೆಯ ಮನೆಯಲ್ಲಿ ಪುಡಿಯಾಗುತ್ತಿರುವ ಪೈಪಿನ ಹೊದಿಕೆ, ಒಡೆದ ಸಿಮೆಂಟ್ ಶೀಟು, ಹೆಕ್ಕಳಿಕೆ ಏಳುತ್ತಿರುವ ಹಳೇ ಬಣ್ಣ ಕಂಡರೆ ಕೆರೆಯಬೇಡಿ, ಗುಡಿಸಬೇಡಿ. ಮೊದಲೆರಡರಲ್ಲಿ ಕಲ್ನಾರು, ಮೂರನೆಯದರಲ್ಲಿ ಸೀಸ ಇರಬಹುದು. ಇವಕ್ಕೆ ಗಾಳಿ ಪರೀಕ್ಷೆಗಿಂತ ಮೊದಲು ಬೇಕಾದ್ದು ಆ ವಸ್ತುವಿನ ಚೂರಿನ ಲ್ಯಾಬ್ ಪರೀಕ್ಷೆ, ಅದನ್ನು ತೆಗೆಯುವುದೂ ತರಬೇತಿ ಇದ್ದವರ ಕೆಲಸ. ನೋಟ್‌ಬುಕ್‌ನಲ್ಲಿ ಬರೆದು ಮುಂದೆ ಹೋಗಿ.

## ಹಂತ 2: ಕಾರ್ಬನ್ ಮೊನಾಕ್ಸೈಡ್

ಇದನ್ನು ಯಾಕೆ ಮೊದಲು ಮಾಡಬೇಕು ಅಂದರೆ, ರೇಡಾನ್ ಹಾನಿ ಮಾಡಲು ವರ್ಷಗಳು ಬೇಕು, ಇದಕ್ಕೆ ಒಂದು ರಾತ್ರಿ ಸಾಕು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ.

ಮೀಟರ್ ಇದ್ದರೆ ಮೊದಲು ಮನೆಯ ಹೊರಗೆ, ರಸ್ತೆಯಿಂದ ದೂರ ಆನ್ ಮಾಡಿ. ಸೊನ್ನೆ ಅಥವಾ ಅದರ ಹತ್ತಿರ ತೋರಿಸಬೇಕು. ಆಮೇಲೆ ಒಳಗೆ ಬಂದು ಒಂದೊಂದೇ ಸಾಧನ ಹಚ್ಚಿ, ಉಳಿದವು ಆರಿರಲಿ. ಸಾಧನದಿಂದ ಒಂದೆರಡು ಮೀಟರ್ ದೂರದಲ್ಲಿ, ಮೂಗಿನ ಎತ್ತರದಲ್ಲಿ ಹಿಡಿದು 10–15 ನಿಮಿಷ ನೋಡಿ. ಉರಿಯ ಮೇಲೇ ಹಿಡಿದರೆ ಬರುವ ಅಂಕಿ ಸುಮ್ನೆ ಹೆದರಿಸುತ್ತದೆ, ಅದು ನೀವು ಉಸಿರಾಡುವ ಗಾಳಿಯಲ್ಲ. ಕೊನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ಗೀಸರ್ ಹಚ್ಚಿ ನೋಡಿ. ಫ್ಯಾನ್ ಗಾಳಿಯನ್ನು ಹೊರಗೆ ಎಳೆದಾಗ ಹೊಗೆಕೊಳವೆಯ ಹೊಗೆ ವಾಪಸ್ ಮನೆಯೊಳಗೇ ಬರುವುದುಂಟು. ಬಹಳ ಜನ ತಪ್ಪಿಸುವ ಪರೀಕ್ಷೆ ಇದೇ. ಈ ಕೆಲಸವನ್ನು ಒಬ್ಬರೇ ಮಾಡಬೇಡಿ.

ಅಮೆರಿಕದಲ್ಲಿ ಹೊರಗಾಳಿಗೆ ಇಟ್ಟಿರುವ ಮಿತಿ 8 ಗಂಟೆಯ ಸರಾಸರಿಗೆ 9 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 9 ಪಾಲು), 1 ಗಂಟೆಗೆ 35 ಪಿಪಿಎಂ. ಮನೆಯೊಳಗೆ 9 ದಾಟಿ ನಿಂತರೆ ಆ ಸಾಧನ ಆರಿಸಿ, ರಿಪೇರಿ ಆಗುವವರೆಗೆ ಬಳಸಬೇಡಿ. 35 ಮುಟ್ಟಿದರೆ ಆರಿಸಿ, ಬಾಗಿಲು ತೆರೆದು ಎಲ್ಲರೂ ಹೊರಗೆ ನಡೆಯಿರಿ.

ಅಲಾರಂ ಬಗ್ಗೆ ಮೂರು ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಕೇಳಿ ಬರುತ್ತದೆ. ಒಂದು, "ಅಲಾರಂ ಕೂಗಿಲ್ಲ, ಅಂದರೆ ಗಾಳಿ ಶುದ್ಧ." ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ 70 ಪಿಪಿಎಂನಲ್ಲಿ 1ರಿಂದ 4 ಗಂಟೆಯೊಳಗೆ ಕೂಗಬೇಕು ಅಂತಿದೆ, ಅದಕ್ಕಿಂತ ಕಡಿಮೆ ಮಟ್ಟದಲ್ಲಿ ಸುಮ್ಮನಿದ್ದರೆ ಅದರ ತಪ್ಪಿಲ್ಲ. ಎರಡು, ಟೆಸ್ಟ್ ಬಟನ್ ಒತ್ತಿದರೆ ಕೂಗಿತು ಅಂತ ನಂಬುವುದು. ಆ ಬಟನ್ ಬ್ಯಾಟರಿ, ಸದ್ದು, ಸರ್ಕೀಟು ಸರಿ ಇದೆಯಾ ಅಂತ ಮಾತ್ರ ನೋಡುತ್ತದೆ, ಒಳಗಿನ ಸೆನ್ಸರ್ ಸತ್ತಿದ್ದರೂ ಕೂಗುತ್ತದೆ. ಹಿಂದೆ ಬರೆದಿರುವ ಅವಧಿ ಮುಗಿದಿದ್ದರೆ ಎಸೆದು ಹೊಸದು ತನ್ನಿ. ಮೂರು, ಈ ಅನಿಲ ನೆಲಕ್ಕೆ ಇಳಿಯುತ್ತದೆ ಅಂತ ಅಲಾರಂ ಕೆಳಗೆ ಹಾಕುವುದು. ಇದರ ತೂಕ ಗಾಳಿಯಷ್ಟೇ, ಎಲ್ಲಾ ಕಡೆ ಬೆರೆಯುತ್ತದೆ. ಮಲಗುವ ಕೋಣೆಗಳ ಹತ್ತಿರ, ಮಲಗಿದವರಿಗೆ ಕೇಳುವಂತೆ ಹಾಕಿ. ಅಂದಹಾಗೆ, ಹೊಗೆ ಅಲಾರಂ ಬೇರೆ, ಇದು ಬೇರೆ.

ಎಚ್ಚರಿಕೆ ಗುರುತು: ನೀಲಿ ಉರಿಯ ಬದಲು ಹಳದಿ ಉರಿ, ಸಾಧನದ ಸುತ್ತ ಮಸಿ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ. ಹೊರಗೆ ಹೋದರೆ ಇಳಿಯುತ್ತದೆ, ಒಳಗೆ ಬಂದರೆ ಮತ್ತೆ ಶುರು. ಹೀಗಿದ್ದರೆ ಮೀಟರ್ ಹುಡುಕುತ್ತಾ ಕೂರಬೇಡಿ. ಹೊರಗೆ ಬನ್ನಿ, ತುರ್ತು ಸೇವೆಗೆ ಫೋನ್ ಮಾಡಿ.

ಇದೇ ಹೊತ್ತಿನಲ್ಲಿ ಗ್ಯಾಸ್ ಸೋರಿಕೆಯನ್ನೂ ನೋಡಿಬಿಡಿ. ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಚಾಳಿ ಇದ್ದರೆ ಇವತ್ತೇ ಬಿಡಿ.

## ಹಂತ 3: ತೇವ ಮತ್ತು ಬೂಷ್ಟು

ರೇಡಾನ್‌ಗಿಂತ ಮೊದಲು ಇದು ಯಾಕೆ? ತೇವ ಸರಿ ಮಾಡಲು ಬಿರುಕು ಮುಚ್ಚುತ್ತೀರಿ, ಫ್ಯಾನ್ ಹಾಕಿಸುತ್ತೀರಿ, ಗಾಳಿ ಓಡಾಡುವ ದಾರಿಯೇ ಬದಲಾಗುತ್ತದೆ. ರೇಡಾನ್ ಅಳೆದ ಮೇಲೆ ಈ ಕೆಲಸ ಮಾಡಿದರೆ ಅಳೆದದ್ದು ಹಳೇ ಮನೆಯ ಲೆಕ್ಕವಾಗುತ್ತದೆ, ಮತ್ತೆ ಅಳೆಯಬೇಕು.

ಮೊದಲು ಹೈಗ್ರೋಮೀಟರ್ ನಿಜ ಹೇಳುತ್ತಿದೆಯಾ ಅಂತ ನೋಡಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಹನಿ ಹನಿಯಾಗಿ ನೀರು ಬಿಡಿ. ಒದ್ದೆ ಮರಳಿನ ಹಾಗೆ ಆಗಬೇಕು, ಕರಗಿ ನೀರಾಗಬಾರದು. ಆ ಮುಚ್ಚಳ ಮತ್ತು ಹೈಗ್ರೋಮೀಟರ್ ಎರಡನ್ನೂ ಗಾಳಿ ಹೋಗದ ಜಿಪ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75% ತೋರಿಸಬೇಕು. ನನ್ನದು 68 ತೋರಿಸಿತು. ಅಂದರೆ ಅಷ್ಟು ದಿನ "60 ಇದೆ, ಪರವಾಗಿಲ್ಲ" ಅಂತ ನಾನು ನೋಡುತ್ತಿದ್ದ ಬಚ್ಚಲಿನ ಪಕ್ಕದ ಕೋಣೆ ನಿಜವಾಗಿ 67ರ ಸುತ್ತ ಇತ್ತು. ಮೀಟರ್ ಹಿಂದೆ "+7" ಅಂತ ಪೆನ್ನಲ್ಲಿ ಬರೆದಿಟ್ಟೆ, ಅಷ್ಟೇ. ಮನೆಯೊಳಗೆ ತೇವಾಂಶ 60% ಒಳಗಿರಬೇಕು, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು.

ಗೋಡೆಯ ತೇವ ಒಳಗಿಂದ ಬರುತ್ತಿದೆಯಾ ಕೋಣೆಯ ಗಾಳಿಯಿಂದಲಾ ಅಂತ ತಿಳಿಯಲು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ಕೂರುತ್ತಿದೆ. ಮೊದಲನೆಯದಕ್ಕೆ ಸೋರಿಕೆ ಹುಡುಕಬೇಕು, ಎರಡನೆಯದಕ್ಕೆ ಗಾಳಿ ಹೊರಗೆ ಹೋಗುವ ವ್ಯವಸ್ಥೆ ಬೇಕು. ಈ ಎರಡನ್ನು ಅದಲು ಬದಲು ಮಾಡಿಕೊಂಡು ಖರ್ಚು ಮಾಡಿದವರೇ ಜಾಸ್ತಿ.

ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಗಾಳಿಯ ಸ್ಯಾಂಪಲ್ ತೆಗೆಸಬೇಕಾಗಿಲ್ಲ. ಯಾವ ಜಾತಿಯದ್ದಾದರೂ ಮಾಡಬೇಕಾದ್ದು ಒಂದೇ: ನೀರು ನಿಲ್ಲಿಸು, ಬೂಷ್ಟು ತೆಗಿ. ಸುಮಾರು 1 ಚದರ ಮೀಟರ್‌ಗಿಂತ ಕಡಿಮೆ ಇದ್ದರೆ ಮಾಸ್ಕು, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ನೀವೇ ಉಜ್ಜಬಹುದು. ಅದಕ್ಕಿಂತ ಜಾಸ್ತಿ ಇದ್ದರೆ, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಬೇರೆಯವರಿಂದ ಮಾಡಿಸಿ. ಒದ್ದೆಯಾದ ಕಾರ್ಪೆಟ್, ಹಾಸಿಗೆ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಬೂಷ್ಟಿನ ಮೇಲೆ ಬಣ್ಣ ಬಳಿಯೋದು ದಂಡ. ಅದು ಬಣ್ಣವನ್ನೂ ಸೇರಿಸಿ ಕೆಳಗೆ ಬೀಳಿಸುತ್ತದೆ.

## ಹಂತ 4: ರೇಡಾನ್

ನೆಲದೊಳಗಿನ ಯುರೇನಿಯಂ ಒಡೆಯುತ್ತಾ ರೇಡಿಯಂ ಆಗಿ, ಅದರಿಂದ ಹುಟ್ಟುವ ಅನಿಲ ರೇಡಾನ್. ಬಿರುಕಿನಿಂದ ಮೇಲೆ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ಇದೊಂದು, ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು. ಪಕ್ಕದ ಮನೆಯಲ್ಲಿ ಕಡಿಮೆ ಬಂತು ಅಂತ ಬಿಡಬೇಡಿ. ಎರಡು ಮನೆಗೆ ಗೋಡೆ ಒಂದೇ ಆಗಿದ್ದರೂ ಅಂಕಿ ಬೇರೆ ಬರುತ್ತದೆ, ಯಾಕೆಂದರೆ ಬಿರುಕು ಬೇರೆ, ಗಾಳಿಯ ಎಳೆತ ಬೇರೆ.

ಕಿಟ್ ಆರಿಸುವುದು. ಇದ್ದಿಲಿನ ಡಬ್ಬಿ 2ರಿಂದ 7 ದಿನದ ಚುಟುಕು ಪರೀಕ್ಷೆಗೆ. ಆಲ್ಫಾ ಟ್ರ್ಯಾಕ್ ಅನ್ನುವ ಸಣ್ಣ ಪ್ಲಾಸ್ಟಿಕ್ ತುಣುಕಿನ ಡಬ್ಬಿ 3 ತಿಂಗಳಿಂದ 1 ವರ್ಷದವರೆಗೆ. ರೇಡಾನ್ ಮಟ್ಟ ಹಗಲು ರಾತ್ರಿ, ಮಳೆ ಬಿಸಿಲು, ಋತು ಋತುವಿಗೆ ಏರಿಳಿಯುವುದರಿಂದ ನಂಬಬೇಕಾದ್ದು ಉದ್ದದ ಪರೀಕ್ಷೆಯನ್ನೇ. ಅವಸರ ಇಲ್ಲದಿದ್ದರೆ ನೇರವಾಗಿ ಅದನ್ನೇ ಮಾಡಿ ಅಂತ ನಾನು ಹೇಳುತ್ತೇನೆ.

ಡಿಜಿಟಲ್ ಮೀಟರ್ ಕೊಂಡವರು ಗಂಟೆಗೊಂದು ಸಲ ನೋಡಿ ಗಾಬರಿಯಾಗುತ್ತಾರೆ. ಸ್ವಲ್ಪ ಲೆಕ್ಕ ಮಾಡಿ. ರೇಡಾನನ್ನು ಬೆಕೆರೆಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಘನ ಮೀಟರಿಗೆ 100 ಬೆಕೆರೆಲ್ ಅಂದರೆ ಅಷ್ಟು ಗಾಳಿಯಲ್ಲಿ ಸೆಕೆಂಡಿಗೆ 100 ರೇಡಾನ್ ಪರಮಾಣು ಒಡೆಯುತ್ತಿವೆ ಅಂತ. ಮೀಟರಿನ ಒಳಗಿನ ಕೋಶ 50 ಮಿಲಿಲೀಟರ್ ಇದೆ ಅಂದುಕೊಳ್ಳಿ. ಅದರೊಳಗೆ ಒಂದು ರೇಡಾನ್ ಪರಮಾಣು ಒಡೆಯಲು ಸರಾಸರಿ 200 ಸೆಕೆಂಡ್ ಬೇಕು. ಇಷ್ಟು ಕಡಿಮೆ ಎಣಿಕೆ ಇಟ್ಟುಕೊಂಡು ಗಂಟೆಯ ಅಂಕಿ ಹೇಳಿದರೆ ಅದು ಕುಣಿಯದೇ ಇನ್ನೇನು ಮಾಡೀತು? ಮೊದಲ ದಿನದ ಅಂಕಿ ಮರೆತುಬಿಡಿ. ಒಂದು ವಾರದ ಸರಾಸರಿ ನೋಡಿ, ತಿಂಗಳದ್ದಾದರೆ ಇನ್ನೂ ಸರಿ.

ಜಾಗ. ಜನ ದಿನಾ ಬಳಸುವ ಕೋಣೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು. ನೆಲಮಾಳಿಗೆಯಲ್ಲಿ ಯಾರೂ ಇರದಿದ್ದರೆ ಅದರ ಮೇಲಿನ ಮಹಡಿ. ಮಲಗುವ ಕೋಣೆ, ಹಾಲ್ ಸರಿ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ ಬೇಡ, ತೇವ ಇದ್ದಿಲನ್ನು ಕೆಡಿಸುತ್ತದೆ. ನೆಲದಿಂದ ಕನಿಷ್ಠ 50 ಸೆಂಟಿಮೀಟರ್ ಮೇಲೆ, ಹೊರಗೋಡೆಯಿಂದ 30 ಸೆಂಟಿಮೀಟರ್ ಒಳಗೆ, ಕಿಟಕಿ ಬಾಗಿಲಿಂದ 90 ಸೆಂಟಿಮೀಟರ್ ದೂರ. ಟೇಪು ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಬಿಸಿಲು, ಹೀಟರ್ ಶಾಖ, ಫ್ಯಾನಿನ ನೇರ ಗಾಳಿ ಬೀಳಬಾರದು. ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದವರೂ ಇದ್ದಾರೆ, "ಮಗು ಮುಟ್ಟುತ್ತೆ" ಅಂತ. ಎತ್ತರದ ಕಪಾಟಿನ ಮೇಲೆ ತೆರೆದೇ ಇಡಿ.

ಮನೆ ಮುಚ್ಚುವುದು. ಚುಟುಕು ಪರೀಕ್ಷೆಗೆ ಡಬ್ಬಿ ತೆರೆಯುವ 12 ಗಂಟೆ ಮೊದಲೇ ಎಲ್ಲಾ ಮಹಡಿಯ ಕಿಟಕಿ, ಹೊರಬಾಗಿಲು ಮುಚ್ಚಿ. ಪರೀಕ್ಷೆ ಮುಗಿಯುವವರೆಗೆ ಹಾಗೇ ಇರಲಿ. ಓಡಾಡಲು ಬಾಗಿಲು ತೆರೆದು ಮುಚ್ಚುವುದಕ್ಕೆ ಅಡ್ಡಿಯಿಲ್ಲ. ಒಳಗಿನ ಗಾಳಿಯನ್ನೇ ತಿರುಗಿಸುವ ಎಸಿ ಹಾಕಬಹುದು, ಹೊರಗಿನ ಗಾಳಿ ಎಳೆಯುವಂಥದ್ದು ಬೇಡ. ಬಿರುಗಾಳಿ, ಜೋರು ಮಳೆಯ ಮುನ್ಸೂಚನೆ ಇದ್ದರೆ ಮುಂದಕ್ಕೆ ಹಾಕಿ. ಸೆಖೆಗೆ ಮಧ್ಯರಾತ್ರಿ ಒಬ್ಬರು ಎದ್ದು ಕಿಟಕಿ ತೆರೆದರೆ ಎರಡು ದಿನದ ಕೆಲಸ ಹಾಳು. ಆದ್ದರಿಂದ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿ, ಕಿಟಕಿ ಚಿಲಕಕ್ಕೆ ಒಂದು ಚೀಟಿ ಅಂಟಿಸಿ. ಉದ್ದದ ಪರೀಕ್ಷೆಗೆ ಈ ನಿಯಮ ಇಲ್ಲ, ಅಲ್ಲಿ ಎಂದಿನಂತೆ ಇದ್ದರಾಯಿತು.

ಮುಚ್ಚುವ ಮೊದಲು ಎರಡನೇ ಹಂತ ಮುಗಿದಿದೆಯಾ ಅಂತ ಮತ್ತೊಮ್ಮೆ ನೋಡಿ. ಕಾರ್ಬನ್ ಮೊನಾಕ್ಸೈಡ್ ಬಿಡುವ ಗೀಸರ್ ಇರುವ ಮನೆಯನ್ನು ಎರಡು ದಿನ ಮುಚ್ಚಿಡುವುದು ಹುಡುಗಾಟವಲ್ಲ.

ಎರಡು ಡಬ್ಬಿ. ಎರಡನ್ನೂ 10 ಸೆಂಟಿಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಡಿ. ಅಂಕಿ ಹತ್ತಿರ ಹತ್ತಿರ ಬಂದರೆ ಸರಾಸರಿ ತಗೊಳ್ಳಿ. ಒಂದು ಇನ್ನೊಂದರ ಎರಡು ಪಟ್ಟು ಬಂದರೆ ಯಾವುದನ್ನೂ ನಂಬಬೇಡಿ, ಮತ್ತೆ ಮಾಡಿ. ಒಂದೇ ಡಬ್ಬಿ ಇಟ್ಟವರಿಗೆ ಈ ತಪ್ಪು ಗೊತ್ತಾಗುವ ದಾರಿಯೇ ಇಲ್ಲ.

ಮುಚ್ಚಿ ಕಳಿಸುವುದು. ಹೊತ್ತು ಬರೆದು, ಬಿಗಿಯಾಗಿ ಮುಚ್ಚಿ, ಅದೇ ದಿನ ಕಳಿಸಿ. ನನ್ನ ಮೊದಲ ಡಬ್ಬಿ ಕೊರಿಯರ್‌ಗೆ ಕೊಡಬೇಕು ಕೊಡಬೇಕು ಅಂತ ಹತ್ತು ದಿನ ಮೇಜಿನ ಮೇಲೇ ಕೂತಿತ್ತು, ಲ್ಯಾಬ್‌ನವರು ಫಲಿತಾಂಶ ಕೊಡಲು ಆಗಲ್ಲ ಅಂದರು. ತಪ್ಪು ನನ್ನದೇ. ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಹತ್ತು ದಿನ ಕಳೆದರೆ ಇದ್ದಿಲಲ್ಲಿ ಹಿಡಿದಿಟ್ಟದ್ದರಲ್ಲಿ ಆರನೇ ಒಂದು ಪಾಲು ಮಾತ್ರ ಉಳಿದಿರುತ್ತದೆ.

## ಹಂತ 5: ರೇಡಾನ್ ಅಂಕಿ ಓದುವುದು

ಮೊದಲು ಯೂನಿಟ್ ನೋಡಿ. ಕೆಲವು ಲ್ಯಾಬ್ ಘನ ಮೀಟರಿಗೆ ಇಷ್ಟು ಬೆಕೆರೆಲ್ ಅಂತ ಕೊಡುತ್ತವೆ, ಕೆಲವು ಲೀಟರಿಗೆ ಇಷ್ಟು ಪಿಕೋಕ್ಯೂರಿ ಅಂತ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ ಘನ ಮೀಟರಿಗೆ 37 ಬೆಕೆರೆಲ್. "ನಮ್ಮ ಮನೇಲಿ ಬರೀ 5 ಬಂತು" ಅಂತ ಖುಷಿಪಟ್ಟವರ ಅಂಕಿ ಪಿಕೋಕ್ಯೂರಿಯಲ್ಲಿದ್ದರೆ ಅದು 185 ಬೆಕೆರೆಲ್, ಖುಷಿಪಡುವಂಥದ್ದೇನಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಟ್ಟ 100 ಬೆಕೆರೆಲ್, ಅದು ಆಗದ ಕಡೆಯೂ 300 ದಾಟಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 4 ಪಿಕೋಕ್ಯೂರಿ, ಅಂದರೆ 148 ಬೆಕೆರೆಲ್ ಬಂದರೆ ಮನೆ ಸರಿ ಮಾಡಿಸಿ ಅನ್ನುತ್ತದೆ.

ಮೊದಲ ಚುಟುಕು ಪರೀಕ್ಷೆ 100ರಿಂದ 300ರ ಮಧ್ಯೆ ಬಂದರೆ ಉದ್ದದ ಪರೀಕ್ಷೆ ಇಟ್ಟು ಖಚಿತ ಮಾಡಿಕೊಳ್ಳಿ. 300 ದಾಟಿದರೆ ತಿಂಗಳುಗಟ್ಟಲೆ ಕಾಯಬೇಡಿ, ತಕ್ಷಣ ಇನ್ನೊಂದು ಚುಟುಕು ಪರೀಕ್ಷೆ ಮಾಡಿ, ಅದೂ ಹಾಗೇ ಬಂದರೆ ಸರಿ ಮಾಡುವ ಕೆಲಸಕ್ಕೆ ಇಳಿಯಿರಿ. ಮನೆಗೆ ಕೊಳವೆಬಾವಿ ನೀರು ಬರುತ್ತಿದ್ದು ಗಾಳಿಯಲ್ಲಿ ರೇಡಾನ್ ಜಾಸ್ತಿ ಇದ್ದರೆ ಮಾತ್ರ ನೀರನ್ನೂ ಪರೀಕ್ಷೆಗೆ ಕಳಿಸಿ. ಗ್ರಾನೈಟ್ ಕಟ್ಟೆ ಕಿತ್ತುಹಾಕುವ ಯೋಚನೆ ಸದ್ಯಕ್ಕೆ ಬಿಡಿ, ಸಾಮಾನ್ಯವಾಗಿ ಅದರ ಪಾಲು ತೀರಾ ಕಡಿಮೆ, ಹೆಚ್ಚಾಗಿ ಬರುವುದು ನೆಲದಿಂದ.

## ಹಂತ 6: ದೂಳು ಮತ್ತು ಉಸಿರುಗಟ್ಟಿದ ಗಾಳಿ

ಈಗ ಕಿಟಕಿ ತೆರೆಯಬಹುದು. ಪಿಎಂ 2.5 ಮೀಟರ್ ಒಂದು ವಾರ ಇಟ್ಟು, ಅಂಕಿ ಏರಿದಾಗಲೆಲ್ಲ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಬರೆಯಿರಿ: ಕರಿಯುವುದು, ಗುಡಿಸುವುದು, ಮೇಣದ ಬತ್ತಿ, ಸೊಳ್ಳೆ ಬತ್ತಿ. ದಿನಕ್ಕೆ ಎರಡು ಸಲ ಹೊರಗೂ ಇಟ್ಟು ನೋಡಿ. ಒಳಗಿಗಿಂತ ಹೊರಗೆ ಜಾಸ್ತಿ ಇದ್ದರೆ ಕಿಟಕಿ ತೆರೆಯುವುದು ಮದ್ದಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 24 ಗಂಟೆಯ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೋಗ್ರಾಂ, ವರ್ಷಕ್ಕೆ 5. ಅಗ್ಗದ ಲೇಸರ್ ಮೀಟರ್‌ಗಳು ತೇವ ಜಾಸ್ತಿ ಇದ್ದಾಗ ಅಂಕಿ ಉಬ್ಬಿಸುತ್ತವೆ, ಹ್ಯೂಮಿಡಿಫೈಯರ್‌ನ ಮಂಜನ್ನೂ ದೂಳು ಅಂತ ಎಣಿಸುತ್ತವೆ.

ಕಾರ್ಬನ್ ಡೈಆಕ್ಸೈಡ್ ಮನೆಯಲ್ಲಿ ಇರುವ ಮಟ್ಟದಲ್ಲಿ ವಿಷ ಅಂತಲ್ಲ, ಕೋಣೆಗೆ ಹೊಸ ಗಾಳಿ ಬರುತ್ತಿದೆಯಾ ಅಂತ ತಿಳಿಯಲು ಅಳೆಯುತ್ತೇವೆ. ಹೊರಗೆ ಸುಮಾರು 420 ಪಿಪಿಎಂ ಇರುತ್ತದೆ. ಬಾಗಿಲು ಹಾಕಿ ಮಲಗಿದ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ 1000 ದಾಟಿ ಎಲ್ಲೋ ಹೋಗಿದ್ದರೆ ಗಾಳಿ ಸಾಲುತ್ತಿಲ್ಲ. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಅವಗೆಂಪು ಬೆಳಕಿನಿಂದ ಈ ಅನಿಲವನ್ನೇ ನೇರವಾಗಿ ಅಳೆಯುವಂಥದ್ದು) ಇದೆಯಾ ಕೇಳಿ. "ಇಸಿಒ2" ಅಂತ ಬರೆದಿದ್ದರೆ ಅದು ಬೇರೆ ಅನಿಲಗಳನ್ನು ನೋಡಿ ಊಹಿಸಿದ ಅಂಕಿ, ಸ್ಯಾನಿಟೈಸರ್ ಹಚ್ಚಿಕೊಂಡ ಕೈ ಹತ್ತಿರ ಹಿಡಿದರೂ ಮೇಲೆ ಹಾರುತ್ತದೆ.

## ಹಂತ 7: ಫಾರ್ಮಾಲ್ಡಿಹೈಡ್

ಇದು ಪ್ಲೈವುಡ್ಡಿನಂಥ ಹಲಗೆಗಳ ಅಂಟಿನಿಂದ ಹೊರಬರುವ ಅನಿಲ. ಹೊಸ ಪ್ಲೈವುಡ್, ಎಂಡಿಎಫ್ ಬೀರು, ಹೊಸ ನೆಲಹಾಸು ಬಂದಿದ್ದರೆ ಮಾತ್ರ ಈ ಹಂತ. ಕಣ್ಣು ಉರಿ, ಗಂಟಲು ಕೆರೆತ ಆ ಕೋಣೆಯಲ್ಲೇ ಶುರುವಾಗುತ್ತಿದ್ದರೆ ಅನುಮಾನ ಪಡಿ. ಅಗ್ಗದ ಮೀಟರ್ ಮೈಗೆ ಹಾಕುವ ಸೆಂಟಿಗೂ ಕೂಗುತ್ತದೆ, ಇದನ್ನು ಲ್ಯಾಬ್‌ಗೆ ಕಳಿಸುವ ಬ್ಯಾಡ್ಜ್‌ನಿಂದಲೇ ಅಳೆಯಿರಿ. ಶಾಖ, ತೇವ ಏರಿದಷ್ಟೂ ಮರದಿಂದ ಜಾಸ್ತಿ ಹೊರಬರುತ್ತದೆ, ಹಾಗಾಗಿ ವರ್ಷದ ಬಿಸಿ ದಿನಗಳಲ್ಲಿ ಅಳೆಯುವುದು ಒಳ್ಳೆಯದು. 30 ನಿಮಿಷದ ಸರಾಸರಿಗೆ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ. ಆ ವಾರ ಬಣ್ಣ, ವಾರ್ನಿಷ್, ಫಿನೈಲ್ ಕೆಲಸ ಇಟ್ಟುಕೊಳ್ಳಬೇಡಿ.

## ಹಂತ 8: ಸರಿ ಮಾಡಿಸಿ, ಮತ್ತೆ ಅಳೆಯಿರಿ

ರೇಡಾನ್‌ಗೆ ಬಿರುಕು ಮುಚ್ಚುವುದೊಂದೇ ಸಾಲುವುದು ಅಪರೂಪ. ಹೆಚ್ಚಾಗಿ ಫಲ ಕೊಡುವುದು, ನೆಲದ ಕಾಂಕ್ರೀಟಿನಡಿ ಪೈಪು ಇಳಿಸಿ ಫ್ಯಾನಿನಿಂದ ಗಾಳಿ ಎಳೆದು ಛಾವಣಿಯ ಮೇಲೆ ಬಿಡುವ ವಿಧಾನ. ಫ್ಯಾನ್ ಮನೆಯೊಳಗೆ ಇರಬಾರದು, ಪೈಪಿನ ಬಾಯಿ ಕಿಟಕಿ ಹತ್ತಿರ ಇರಬಾರದು.

ಈ ಎಳೆತದಿಂದ ಗೀಸರ್, ಬಾಯ್ಲರ್‌ನ ಹೊಗೆ ವಾಪಸ್ ಬರಲು ಶುರುವಾಗಬಹುದು. ಆದ್ದರಿಂದ ಫ್ಯಾನ್ ಹಾಕಿದ ದಿನವೇ ಎರಡನೇ ಹಂತ ಇನ್ನೊಮ್ಮೆ ಮಾಡಿ. 24 ಗಂಟೆ ಕಳೆದ ಮೇಲೆ, 30 ದಿನದೊಳಗೆ, ಮೊದಲು ಇಟ್ಟಿದ್ದ ಅದೇ ಜಾಗದಲ್ಲೇ ರೇಡಾನ್ ಡಬ್ಬಿ ಇಡಿ. ಜಾಗ ಎಲ್ಲಿತ್ತು ಅಂತ ನೋಟ್‌ಬುಕ್‌ನಲ್ಲಿದೆ ಅಲ್ವಾ. ಆಮೇಲೆ ಎರಡು ವರ್ಷಕ್ಕೊಮ್ಮೆ, ಮಧ್ಯೆ ನೆಲ ಒಡೆಸಿದರೆ ಅಥವಾ ಕೆಳಗಿನ ಮಹಡಿಯಲ್ಲಿ ಮಲಗಲು ಶುರು ಮಾಡಿದರೆ ಆವಾಗಲೂ ಒಮ್ಮೆ.